ಹಳೆಯ ಕಾಂಟೆಸಾಗೆ ಬೇರೆ ಎಂಜಿನ್ ಹಾಕಿಸುವ ಮುನ್ನ

1985ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ‘ಸ್ಟ್ಯಾಂಡರ್ಡ್ 2000’ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ಬಾಡಿ ಇಂಗ್ಲೆಂಡಿನ ರೋವರ್ ಎಸ್‌ಡಿ1ರದು. 1977ರಲ್ಲಿ ಯುರೋಪಿನ ‘ವರ್ಷದ ಕಾರು’ ಎನಿಸಿಕೊಂಡಿದ್ದ ಆ ಕಾರಿನ ಬಾನೆಟ್ಟಿನಡಿ ಅಲ್ಲಿ 3.5 ಲೀಟರಿನ ವಿ8 ಎಂಜಿನ್ ಇರುತ್ತಿತ್ತು. ಇಲ್ಲಿ ಅದೇ ಜಾಗಕ್ಕೆ ಕೂರಿಸಿದ್ದು 1991 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಅದರ ಮೂಲ 1940ರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರು. ಅದೇ ವಂಶದ ಎಂಜಿನ್ ಫರ್ಗ್ಯೂಸನ್ ಟ್ರಾಕ್ಟರನ್ನೂ ಎಳೆಯುತ್ತಿತ್ತು. ಭಾರದ ಬಾಡಿಗೆ ಆ ಎಂಜಿನ್ ಸಾಲಲಿಲ್ಲ, ಪೆಟ್ರೋಲು ಮಾತ್ರ ಧಾರಾಳವಾಗಿ ಕುಡಿಯಿತು. 1988ರ ಹೊತ್ತಿಗೆ ಕಾರಿನ ತಯಾರಿಕೆಯೇ ನಿಂತಿತು. ಅಂದಿನಿಂದ ಆ ಕಾರನ್ನು ಇಟ್ಟುಕೊಂಡವರೆಲ್ಲ ಬಾನೆಟ್ ಎತ್ತಿದಾಗಲೆಲ್ಲ ಒಂದೇ ಮಾತು ಯೋಚಿಸುತ್ತಾರೆ: ಇದಕ್ಕೆ ಒಂದು ಒಳ್ಳೆಯ ಎಂಜಿನ್ ಇದ್ದಿದ್ದರೆ!

ಅಮೆರಿಕದಲ್ಲಿ ಈ ಆಸೆಗೆ ಒಂದು ಉದ್ಯಮವೇ ನಿಂತಿದೆ. 1960ರ ದಶಕದ ಮಸ್ಟಾಂಗ್, ಕಮಾರೊಗಳಂಥ ಮಸಲ್ ಕಾರುಗಳಿಗೆ, ಜನರಲ್ ಮೋಟರ್ಸ್ 1997ರಿಂದ ತಯಾರಿಸಿದ ಎಲ್‌ಎಸ್ ಸರಣಿಯ ವಿ8 ಎಂಜಿನ್ ಕೂರಿಸುವುದು ಅಲ್ಲಿ ದಿನನಿತ್ಯದ ಕೆಲಸ. ಮೌಂಟಿಂಗ್, ವೈರಿಂಗ್, ಸಂಪ್ ಎಲ್ಲವೂ ಆಯಾ ಮಾದರಿಗೆ ತಕ್ಕಂತೆ ಡಬ್ಬಿಯಲ್ಲಿ ಬರುತ್ತವೆ. ನಮ್ಮಲ್ಲಿ ಮಸಲ್ ಕಾರು ಎಂದರೆ ಜನ ಬೆರಳು ತೋರಿಸುವುದು ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸಾ ಕಡೆಗೆ. ಉದ್ದನೆಯ ಬಾನೆಟ್, ಹಿಂಬದಿ ಚಕ್ರಗಳಿಗೆ ಎಳೆತ, ಅಗಲವಾದ ಸೀಟು. ಚೆನ್ನೈನಲ್ಲಿ ಇಂದಿಗೂ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ನಮ್ಮ ಬೆಂಗಳೂರು, ಮೈಸೂರಿನವರೂ ಅಲ್ಲಿಂದ ಕೊಂಡು ತರುತ್ತಾರೆ. ಕೊಂಡ ಮೇಲೆ ಮೊದಲ ಪ್ರಶ್ನೆ ಎಂಜಿನ್ನಿನದೇ. ಅಲ್ಲಿಂದ ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಈ ಲೇಖನದ ವಿಷಯ.

ನೇರವಾಗಿ ಹೇಳಿಬಿಡುತ್ತೇನೆ. ಎಂಜಿನ್ ಬದಲಾವಣೆಯ ಸೋಲು ಗೆಲುವು ಎಂಜಿನ್ ಇಳಿಸುವ ಮೊದಲೇ ತೀರ್ಮಾನವಾಗಿರುತ್ತದೆ. ಮೊದಲು ಕಾಗದ, ಆಮೇಲೆ ಅಳತೆ, ಕೊನೆಗೆ ಎಂಜಿನ್. ಬಹಳ ಮಂದಿ ಈ ಕ್ರಮವನ್ನು ತಿರುಗಿಸುತ್ತಾರೆ. ಗುಜರಿಯಲ್ಲಿ ಒಳ್ಳೆಯ ಎಂಜಿನ್ ಸಿಕ್ಕಿತೆಂದು ತಂದು ಹಾಕುತ್ತಾರೆ. ಆಮೇಲೆ ಕಾರು ಶೆಡ್ಡಿನಲ್ಲೇ ಉಳಿಯುತ್ತದೆ.

ಕಾಗದದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೊದಲಿಗೆ ಕೊಟ್ಟ ವಿವರಗಳಿಗಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ, ಇದನ್ನೇ ಖಚಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಆದರೆ ಸವೆದ ಎಂಜಿನ್ನಿನ ಬದಲು ಅದೇ ತಯಾರಕರ, ಅದೇ ಬಗೆಯ ಎಂಜಿನ್ ಹಾಕಿಸಿಕೊಳ್ಳಲು ಆರ್‌ಟಿಒ ಅನುಮತಿಯೊಡನೆ ದಾರಿ ಇದೆ. ಮಾನ್ಯತೆ ಪಡೆದ ಸಿಎನ್‌ಜಿ, ಎಲ್‌ಪಿಜಿ ಕಿಟ್ಟುಗಳಿಗೂ, ಎಲೆಕ್ಟ್ರಿಕ್ ಪರಿವರ್ತನೆಗೂ ಬೇರೆ ನಿಯಮಗಳಿವೆ. ಆದರೆ ಕಾಂಟೆಸಾಗೆ ಇನ್ನೊಂದು ಕಂಪನಿಯ ಹೊಸ ಡೀಸೆಲ್ ಎಂಜಿನ್ ಕೂರಿಸಿ ಚೆನ್ನೈನ ಅಣ್ಣಾ ಸಾಲೈಯಲ್ಲಿ ಓಡಿಸುತ್ತೇನೆ ಎಂದರೆ ಅದಕ್ಕೆ ಕಾನೂನಿನ ಬೆಂಬಲವಿಲ್ಲ. ‘ಎಲ್ಲರೂ ಮಾಡುತ್ತಾರೆ ಸಾರ್’ ಎಂದು ಮೇಸ್ತ್ರಿ ಹೇಳುವುದು ಅಪಘಾತದ ಮರುದಿನ ವಿಮಾ ಕಂಪನಿಯ ಮುಂದೆ ನಿಲ್ಲುವುದಿಲ್ಲ.

ಇನ್ನೊಂದು ಕಾಗದ, ಬಹಳ ಜನ ಗಮನಿಸದೇ ಇರುವಂಥದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ಸ್ವರೂಪದಲ್ಲೇ ಉಳಿದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಶೇಷ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, ಮಾನ್ಯತೆ 10 ವರ್ಷ. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಈ ಲೆಕ್ಕ ಹಾಕಿ ನೋಡಿದರೆ ಯಾವ ಕಾರಿಗೆ ಕೈ ಹಾಕಬಹುದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮದ್ರಾಸಿನಲ್ಲೇ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಲ್ಲಿ ಬಂದದ್ದು. ಎಂಜಿನ್ ಬದಲಿಸಲು ಅದರಷ್ಟು ಸಲೀಸಾದ ಕಾರು ಇನ್ನೊಂದಿಲ್ಲ. ಪ್ರತ್ಯೇಕ ಚಾಸಿ ಇದೆ. ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಮೂರು ಕಡೆಯಿಂದಲೂ ನಿಂತು ಕೆಲಸ ಮಾಡಬಹುದು. ಹಾಗಾಗಿ ಎಷ್ಟೋ ಹೆರಾಲ್ಡುಗಳ ಮೂಲ ಎಂಜಿನ್ ಈಗಾಗಲೇ ಹೋಗಿಯಾಗಿದೆ. ಉಳಿದಿರುವ ಹೆರಾಲ್ಡುಗಳು 50 ದಾಟಿವೆ. 1970ರ ದಶಕದಲ್ಲಿ ಬಂದ ಅದೇ ಕಂಪನಿಯ ಗೆಜೆಲ್ ಕೂಡ ಆ ಗೆರೆ ದಾಟುತ್ತಿದೆ. ಮೂಲ ಎಂಜಿನ್ ಉಳಿಸಿಕೊಂಡ ಹೆರಾಲ್ಡ್ ನಿಮ್ಮ ಕೈಗೆ ಬಂದರೆ ದಯವಿಟ್ಟು ಅದನ್ನು ಬದಲಿಸಬೇಡಿ. ಅದೇ ಎಂಜಿನ್ನನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ, ಓಡಿಸಿ. ಮದ್ರಾಸಿನ ಕೈಕೆಲಸದ ಗುರುತು ಅದು, ಮತ್ತೆ ತಯಾರಾಗುವುದಿಲ್ಲ.

ಕಾಂಟೆಸಾದ ಮಾತು ಬೇರೆ. ಬ್ರಿಟನ್ನಿನ ವಾಕ್ಸಾಲ್ ವಿಕ್ಟರ್ ಕಾರಿನ ಅಚ್ಚುಗಳನ್ನು ತಂದು 1984ರಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಕೆ ಶುರುಮಾಡಿದಾಗ ಕಂಪನಿ ಅದರೊಳಗೆ ಇಟ್ಟದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್ನನ್ನು. ಶಕ್ತಿ 50 ಅಶ್ವಶಕ್ತಿಯ ಆಸುಪಾಸು. ಕೆಲವೇ ವರ್ಷಗಳಲ್ಲಿ ಕಂಪನಿಯೇ ಅದನ್ನು ತೆಗೆದು ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಎಂಜಿನ್, ಜೊತೆಗೆ ಐದು ಗೇರಿನ ಬಾಕ್ಸು ಕೊಟ್ಟಿತು. ಶಕ್ತಿ 80 ದಾಟಿತು. ಮುಂದೆ ಇಸುಜುವಿನ 2 ಲೀಟರ್ ಡೀಸೆಲ್ ಕೂಡ ಬಂತು. 1990ರ ದಶಕದಲ್ಲಿ ಅದೇ 1817 ಸಿಸಿ ಇಸುಜು ಎಂಜಿನ್ ಅಂಬಾಸಿಡರಿನೊಳಗೂ ಕೂತಿತು. ಅಂದರೆ ಹಳೆಯ ಬಾಡಿಗೆ ಹೊಸ ಎಂಜಿನ್ ಎಂಬ ಪ್ರಯೋಗವನ್ನು ಕಾರ್ಖಾನೆಯೇ ಮಾಡಿ, ಮೌಂಟಿಂಗ್ ಎಲ್ಲಿ, ಸೈಲೆನ್ಸರ್ ಹೇಗೆ ಬಾಗಬೇಕು, ಶಾಫ್ಟಿನ ಉದ್ದ ಎಷ್ಟು ಎಂದು ತೋರಿಸಿಕೊಟ್ಟಿದೆ.

ನನ್ನ ಸಲಹೆ ಇಷ್ಟು: 1.5 ಲೀಟರಿನ ಕಾಂಟೆಸಾ ಕೊಂಡು ಎಂಜಿನ್ ಬದಲಿಸುವುದಕ್ಕಿಂತ, ಎಂಜಿನ್ ಸತ್ತಿರುವ 1.8 ಜಿಎಲ್‌ಎಕ್ಸ್ ಕಾಂಟೆಸಾ ಹುಡುಕಿ. ಬಾಡಿ ಗಟ್ಟಿಯಿದ್ದರೆ ಸಾಕು. ಅದಕ್ಕೆ ಇನ್ನೊಂದು ಕಾಂಟೆಸಾದಿಂದಲೋ, ಗುಜರಿಗೆ ಹೋದ ಇಸುಜು ಅಂಬಾಸಿಡರಿನಿಂದಲೋ ಎಂಜಿನ್ ತಂದು, ಪೂರ್ತಿ ಓವರ್‌ಹಾಲ್ ಮಾಡಿಸಿ ಕೂರಿಸಿ. ತಯಾರಕರು ಒಬ್ಬರೇ, ಎಂಜಿನ್ನಿನ ಬಗೆ ಒಂದೇ, ಸಿಸಿ ಒಂದೇ. ಕಾರ್ಬ್ಯುರೇಟರ್, ಸಂಪ್, ಮೌಂಟಿಂಗ್‌ಗಳಲ್ಲಿ ವ್ಯತ್ಯಾಸ ಇರಬಹುದು. ಎರಡೂ ಎಂಜಿನ್ನನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ನಿಮ್ಮ ಕಾರಿನ ಬಿಡಿಭಾಗಗಳನ್ನೇ ಹೊಸ ಬ್ಲಾಕಿಗೆ ಜೋಡಿಸಿ. ನಿಮ್ಮದು 1.5 ಲೀಟರಿನ ಕಾರೇ ಆಗಿದ್ದು ಅದಕ್ಕೇ 1.8 ಬೇಕೆಂದರೆ, ಆರ್‌ಸಿಯಲ್ಲಿ ಸಿಸಿ ಬದಲಾಗುತ್ತದೆ. ಆರ್‌ಟಿಒ ಅನುಮತಿ ಬರಹದಲ್ಲಿ ಕೈಗೆ ಬರುವ ತನಕ ಒಂದು ಬೋಲ್ಟನ್ನೂ ಬಿಚ್ಚಬೇಡಿ.

ಮೂರನೆಯ ದಾರಿಯೂ ಒಂದಿದೆ. ಡೀಸೆಲ್ ತೀರಾ ಅಗ್ಗವಿದ್ದ ಕಾಲದಲ್ಲಿ ದೇಶದಾದ್ಯಂತ ಇಂಪಾಲಾ, ಡಾಡ್ಜ್, ಪ್ಲಿಮತ್, ಅಂಬಾಸಿಡರುಗಳಿಗೆ ಪರ್ಕಿನ್ಸ್, ಮಟಡೋರ್ ಡೀಸೆಲ್ ಎಂಜಿನ್‌ಗಳನ್ನು ಕೂರಿಸಿದರು. ಪರ್ಕಿನ್ಸ್ ಎಂಜಿನ್ ಅಂತೂ ಚೆನ್ನೈನ ಸಿಂಪ್ಸನ್ ಕಂಪನಿಯಲ್ಲೇ ತಯಾರಾಗುತ್ತಿತ್ತು. ಅಂಥ ಬದಲಾವಣೆ ಆಗಲೇ ಆರ್‌ಸಿಯಲ್ಲಿ ದಾಖಲಾಗಿರುವ ಕಾರುಗಳು ಈಗಲೂ ಸಿಗುತ್ತವೆ. ಆರ್‌ಸಿಯ ಇಂಧನದ ಕಾಲಂ, ಎಂಜಿನ್ ನಂಬರು, ಸಿಸಿ ಈ ಮೂರೂ ಕಾರಿನಲ್ಲಿ ಈಗ ಇರುವ ಎಂಜಿನ್ನಿಗೆ ಹೊಂದಿದರೆ ಮಾತ್ರ ಅದು ಕೊಳ್ಳಲು ಯೋಗ್ಯ.

ಪೂರ್ತಿ ಬೇರೆ ಎಂಜಿನ್ನೇ ಬೇಕು, ಶಕ್ತಿ ಬೇಕು ಎನ್ನುವವರು ಕಾರನ್ನು ರಸ್ತೆಯಿಂದ ಬಿಡಿಸಿ ಟ್ರ್ಯಾಕಿಗೆ ಮೀಸಲಿಡಬೇಕು. ಚೆನ್ನೈಗೆ ಅದರ ಪರಂಪರೆ ಇದೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯಾಗಿದ್ದ ಶೋಲಾವರಂನಲ್ಲಿ ದಶಕಗಳ ಕಾಲ ರೇಸು ನಡೆಯಿತು. 1990ರಿಂದ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈನಲ್ಲಿ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್ ಇದೆ. ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿ, ಅಲ್ಲಿ ಓಡಿಸಿ, ಹೇರಿಕೊಂಡೇ ಬರಬೇಕು. ಸ್ಟ್ಯಾಂಡರ್ಡ್ 2000 ಇದಕ್ಕೆ ಹೇಳಿ ಮಾಡಿಸಿದ ಕಾರು, ವಿ8ಗಾಗಿ ಬಿಟ್ಟ ಜಾಗ ಅದರಲ್ಲಿ ಹಾಗೇ ಇದೆ. ಆದರೆ ಅದೂ 2035ಕ್ಕೆ 50 ತುಂಬುವ ಕಾರು. ಏನೂ ಕತ್ತರಿಸದೆ, ಬೆಸುಗೆ ಹಾಕದೆ, ಬೋಲ್ಟಿನಲ್ಲೇ ಕೂರಿಸಿ ಬೋಲ್ಟಿನಲ್ಲೇ ತೆಗೆಯುವಂತೆ ಮಾಡಿಸಿ.

ಎಂಜಿನ್ ಆರಿಸುವಾಗ ಮೊದಲು ಬರುವ ಅಡ್ಡಿ ಅದರ ದಿಕ್ಕು. ಇಂದಿನ ಬಹುಪಾಲು ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಕಾಂಟೆಸಾ, ಸ್ಟ್ಯಾಂಡರ್ಡ್ 2000, ಪದ್ಮಿನಿಗಳಲ್ಲಿ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಹಾಗಾಗಿ ಜಿಪ್ಸಿ, ಈಕೋ, ಕ್ವಾಲಿಸ್, ಇನ್ನೋವಾ, ತವೇರಾಗಳಂಥ ಉದ್ದಕ್ಕೆ ಕೂತ ಎಂಜಿನ್‌ಗಳನ್ನೇ, ಅವುಗಳದೇ ಗೇರ್‌ಬಾಕ್ಸಿನ ಸಮೇತ ತರುವುದು ಜಾಣತನ. ಹೊಸ ಎಂಜಿನ್ನಿಗೆ ಹಳೆಯ ಗೇರ್‌ಬಾಕ್ಸ್ ಜೋಡಿಸಲು ಹೋದರೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಅದನ್ನು ಲೇತಿನಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ, ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗಿನ ಒಳಸುತ್ತಿನಲ್ಲಿ ಒಂದು ಸುತ್ತು ತಿರುಗಿಸಿ ನೋಡದೆ ಮುಂದುವರಿಯಬೇಡಿ. ಮುಳ್ಳು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಬಹಳ ಆಚೆ ಹೋದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗು, ಕ್ಲಚ್ಚು ಬೇಗ ಹೋಗುತ್ತವೆ.

ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಉದ್ದ ಹೊಂದಿಸಿದರೆ ಕಡ್ಡಾಯವಾಗಿ ಬ್ಯಾಲೆನ್ಸ್ ಮಾಡಿಸಬೇಕು. ಗೇರ್‌ಬಾಕ್ಸಿನ ಬಾಲವೂ ಹಿಂದಿನ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿರಬೇಕು, ಶಾಫ್ಟಿನ ಎರಡೂ ತುದಿಯ ಕ್ರಾಸುಗಳ ಕೋನ 1ರಿಂದ 3 ಡಿಗ್ರಿಯೊಳಗೆ ಇರಬೇಕು. 60 ಕಿಲೋಮೀಟರ್ ವೇಗ ದಾಟಿದೊಡನೆ ನಡುಗುವ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಹಿಂದಿನ ಆಕ್ಸೆಲಿನ ಅನುಪಾತವನ್ನೂ ಮೊದಲೇ ತಿಳಿದುಕೊಳ್ಳಿ. ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿಯಲ್ಲಿ ಎತ್ತಿ, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಉದಾಹರಣೆಗೆ ಅದು 4.55 ಬಂತು, ಟೈರಿನ ಸುತ್ತಳತೆ 1.9 ಮೀಟರ್ ಎಂದುಕೊಳ್ಳಿ. 80 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ; ನಾಲ್ಕನೇ ಗೇರಿನಲ್ಲಿ ಎಂಜಿನ್ 3,200 ಸುತ್ತು. ಪೆಟ್ರೋಲ್ ಎಂಜಿನ್ನಿಗೆ ಅಡ್ಡಿಯಿಲ್ಲ. ನಿಧಾನಕ್ಕೆ ತಿರುಗಿ ಎಳೆಯುವ ಡೀಸೆಲ್ ಎಂಜಿನ್ನಿಗೆ ಅದು ಕಿವಿಗಡಚಿಕ್ಕುವ ಓಟ. ಅದಕ್ಕೆ 3.7ರ ಆಸುಪಾಸಿನ ಕ್ರೌನ್ ಪಿನಿಯನ್, 0.85ರ ಐದನೇ ಗೇರು ಸಿಕ್ಕಿದರೆ ಅದೇ ವೇಗ 2,200 ಸುತ್ತಿಗೆ ಇಳಿಯುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆ ಎಂಜಿನ್ ಕೊಂಡವರು ಮತ್ತೆ ಆಕ್ಸೆಲಿಗೆ ಹಣ ಸುರಿಯಬೇಕಾಗುತ್ತದೆ.

ಎಂಜಿನ್ ಎಲ್ಲಿ ಸಿಗುತ್ತದೆ? ಚೆನ್ನೈನವರ ಬಾಯಲ್ಲಿ ಬರುವ ಹೆಸರು ಎಗ್ಮೋರಿನ ಪಕ್ಕದ ಪುದುಪೇಟ್ಟೈ. ಬಿಚ್ಚಿದ ವಾಹನಗಳ ಭಾಗಗಳು ಬೀದಿಯುದ್ದಕ್ಕೂ ರಾಶಿ ಬಿದ್ದಿರುತ್ತವೆ. ಹೊಸ ಗ್ಯಾಸ್ಕೆಟ್, ಬೇರಿಂಗ್, ಹೋಸುಗಳಿಗೆ ಜನರಲ್ ಪ್ಯಾಟರ್ಸ್ ರೋಡಿಗೆ ಹೋಗಬೇಕು, ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದ್ದಹಾಗೆ ಅದು. ಪುದುಪೇಟ್ಟೈನಲ್ಲಿ ಎಂಜಿನ್ ಆರಿಸುವಾಗ ಬಿಲ್ ಇಲ್ಲದೆ ಮುಂಗಡ ಕೊಡಬೇಡಿ. ಅದು ಬಂದ ಕಾರಿನ ಆರ್‌ಸಿ ನಕಲು, ನೋಂದಣಿ ರದ್ದಾದ ಪತ್ರ ಕೇಳಿ, ಬ್ಲಾಕಿನ ಮೇಲಿನ ನಂಬರಿಗೆ ತಾಳೆ ಹಾಕಿ. ನಂಬರನ್ನು ಉಜ್ಜಿ ಮತ್ತೆ ಹೊಡೆದ ಗುರುತು ಕಂಡರೆ ಅಲ್ಲಿಂದ ಎದ್ದು ಬನ್ನಿ. ಕದ್ದ ಕಾರಿನ ಎಂಜಿನ್ ನಿಮ್ಮನ್ನು ಪೊಲೀಸ್ ಠಾಣೆಗೆ ಕರೆದೊಯ್ಯುತ್ತದೆ.

ಚೆನ್ನೈಗೇ ವಿಶೇಷವಾದ ಇನ್ನೊಂದು ಅಪಾಯ ನೀರು. 2015ರ ಡಿಸೆಂಬರಿನ ಮಹಾಮಳೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ, ಎರಡೂ ಸಲ ಲೆಕ್ಕವಿಲ್ಲದಷ್ಟು ಕಾರುಗಳು ಮುಳುಗಿದವು. ಮುಳುಗಿದ ಕಾರಿನ ಎಂಜಿನ್ ತೊಳೆದು ಒರೆಸಿ ಇಟ್ಟರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಇಂಜೆಕ್ಟರಿನ ಕನೆಕ್ಟರನ್ನು ಬಿಚ್ಚಿ ಒಳಗೆ ನೋಡಿ: ಸಣ್ಣ ಕೆಸರಿನ ಪುಡಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಇದ್ದರೆ ಬೇಡ. ಆಯಿಲ್ ಮುಚ್ಚಳದ ಅಡಿಯಲ್ಲಿ ಕೆನೆಯಂಥ ಕಂದು ಲೋಳೆ ಇದ್ದರೂ ಬೇಡ. ನೀರು ಸಿಲಿಂಡರಿನೊಳಗೆ ಹೋದಾಗ ಎಂಜಿನ್ ಚಾಲೂ ಮಾಡಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರುತ್ತದೆ. ಕಂಪ್ರೆಷನ್ ಗೇಜ್ ಹಾಕಿ ಒಂದೊಂದೇ ಸಿಲಿಂಡರ್ ನೋಡಿದರೆ ಬಾಗಿದ ರಾಡಿನದು ಉಳಿದವಕ್ಕಿಂತ ಕಡಿಮೆ ತೋರಿಸುತ್ತದೆ. ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರುವ ಎಂಜಿನ್ ತರಬೇಡಿ.

ಇಂಜೆಕ್ಷನ್ ಇರುವ ಎಂಜಿನ್ ತಂದರೆ ಅದರ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಇಮ್ಮೊಬಿಲೈಸರ್, ಕೀ, ಪೆಡಲ್ ಇಷ್ಟೂ ಅದೇ ಕಾರಿನದೇ ಆಗಿರಬೇಕು. ವೈರುಗಳನ್ನು ಬುಡದಲ್ಲಿ ಕತ್ತರಿಸಿ ಕೊಟ್ಟರೆ ಕೊಳ್ಳಬೇಡಿ. ಹಳೆಯ ಕಾರ್ಬ್ಯುರೇಟರ್ ಕಾರಿನ ಪೆಟ್ರೋಲ್ ಪೈಪು ಅರ್ಧ ಬಾರ್ ಒತ್ತಡವನ್ನೂ ಕಂಡಿರುವುದಿಲ್ಲ. ಇಂಜೆಕ್ಷನ್ ಪಂಪು ಸುಮಾರು 3 ಬಾರ್ ಒತ್ತುತ್ತದೆ. ಹಳೆಯ ರಬ್ಬರಿನ ಪೈಪಿನಲ್ಲೇ ಕೆಲಸ ಮುಗಿಸಿದರೆ ಅದು ಬೆಂಕಿಗೆ ಕೊಟ್ಟ ಆಹ್ವಾನ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇದೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ತೇವವನ್ನೂ ಹೀರುತ್ತದೆ. ಎಂಜಿನ್ ಬದಲಿಸಿ, ಬಿಡಿ, ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಎಲ್ಲ ಹೋಸು, ಸೀಲುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಲೇಬೇಕು.

ಮೇ ತಿಂಗಳಲ್ಲಿ ಚೆನ್ನೈನ ಕತ್ತಿಪಾರಾ ಟ್ರಾಫಿಕ್ಕಿನಲ್ಲಿ ಎಸಿ ಹಾಕಿಕೊಂಡು ಅರ್ಧ ಗಂಟೆ ತೆವಳಿದರೂ ಬಿಸಿಯ ಮುಳ್ಳು ಮೇಲೇರಬಾರದು, ರೇಡಿಯೇಟರಿಗೆ ಅದೇ ಪರೀಕ್ಷೆ. ದೊಡ್ಡ ಕೋರ್ ಮಾತ್ರ ಸಾಲದು, ಫ್ಯಾನಿನ ಸುತ್ತ ಗಾಳಿ ಸೋರದಂತೆ ಕವಚ ಇರಬೇಕು. ಬ್ರೇಕಿನ ಬಗ್ಗೆ ಚರ್ಚೆಯೇ ಬೇಡ: ಶಕ್ತಿ ಹೆಚ್ಚಿಸುವ ಮೊದಲು ಬ್ರೇಕು. ಮುಂದೆ ಡಿಸ್ಕ್, ಬೂಸ್ಟರ್, ಹೊಸ ಪೈಪುಗಳು. ಎಂಜಿನ್ ಬದಲಿಸುವ ಮೊದಲು ಮತ್ತು ಆದಮೇಲೆ ಮುಂದಿನ ಎರಡು ಚಕ್ರಗಳನ್ನಷ್ಟೇ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿ. ಭಾರ ಹೆಚ್ಚಿದ್ದರೆ ಮುಂದಿನ ಸ್ಪ್ರಿಂಗ್ ಬದಲಿಸಬೇಕು. ಬೆಸಂಟ್ ನಗರ, ತಿರುವಾನ್ಮಿಯೂರಿನಂಥ ಕಡಲಂಚಿನಲ್ಲಿ ವರ್ಷಗಟ್ಟಲೆ ನಿಂತ ಕಾರಾದರೆ ಎಂಜಿನ್ ಮೌಂಟಿಂಗಿನ ಬುಡದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಉಪ್ಪುಗಾಳಿ ತಿಂದ ತಗಡು ಬಣ್ಣದಡಿ ಅಡಗಿರುತ್ತದೆ.

ಎಲೆಕ್ಟ್ರಿಕ್ ಪರಿವರ್ತನೆ ಬಗ್ಗೆ ಒಂದೇ ಮಾತು: ಎಐಎಸ್-123 ಮಾನದಂಡದಲ್ಲಿ ನಿಮ್ಮ ಕಾರಿನ ಮಾದರಿಗೇ ಮಾನ್ಯತೆ ಪಡೆದ ಕಿಟ್ ಇದ್ದು, ಅಧಿಕೃತ ಫಿಟ್ಟರ್ ಅದನ್ನು ಕೂರಿಸಿದರೆ ಮಾತ್ರ ಆರ್‌ಸಿಯಲ್ಲಿ ಇಂಧನ ಬದಲಾಗುತ್ತದೆ. ಬೇರೆ ಕಾರಿಗಾಗಿ ಮಾನ್ಯವಾದ ಕಿಟ್ ನಿಮ್ಮ ಕಾಂಟೆಸಾಗೆ ಆಗುವುದಿಲ್ಲ.

ಅನುಮತಿ ಪಡೆದು ಎಂಜಿನ್ ಕೂತ ಮೇಲೆ ಕಾರನ್ನು ಆರ್‌ಟಿಒಗೆ ಒಯ್ದು ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಹೊಸ ಎಂಜಿನ್ನಿನ ಬಿಲ್, ಚಾಸಿ ಮತ್ತು ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟ್, ಹೊಗೆ ಪರೀಕ್ಷೆಯ ಪತ್ರ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಜೊತೆಗಿರಲಿ. ಆರ್‌ಸಿಯಲ್ಲಿ ಹೊಸ ನಂಬರು ಬಂದೊಡನೆ ವಿಮೆಯಲ್ಲೂ ಅದನ್ನು ಸೇರಿಸಿಕೊಳ್ಳಿ. 15 ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಇದೇ ನಂಬರನ್ನು ಮತ್ತೆ ನೋಡುತ್ತಾರೆ. ಇಳಿಸಿದ ಹಳೆಯ ಎಂಜಿನ್ನನ್ನು ತೂಕಕ್ಕೆ ಮಾರಬೇಡಿ. ಸಿಲಿಂಡರುಗಳಿಗೆ ಸ್ವಲ್ಪ ಆಯಿಲ್ ಬಿಟ್ಟು, ಪ್ಲಗ್ ಬಿಗಿದು, ಮರದ ಹಲಗೆಯ ಮೇಲೆ ಟಾರ್ಪಾಲ್ ಸುತ್ತಿ ಇಡಿ. 2034ರಲ್ಲಿ ಮೊದಲ ಕಾಂಟೆಸಾಗಳಿಗೆ 50 ತುಂಬಿದಾಗ ಅದರ ಬೆಲೆ ತಿಳಿಯುತ್ತದೆ.

ಚೆನ್ನೈನಲ್ಲಿ ಕೊಂಡ ಕಾರನ್ನು ಕರ್ನಾಟಕಕ್ಕೆ ತರುವವರು ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಪಡೆದು, ಹನ್ನೆರಡು ತಿಂಗಳೊಳಗೆ ಇಲ್ಲಿನ ನಂಬರು ಮಾಡಿಸಿ ತೆರಿಗೆ ಕಟ್ಟಬೇಕು. ಆ ಎನ್‌ಒಸಿಯಲ್ಲಿ ಎಂಜಿನ್ ನಂಬರು ಇರುತ್ತದೆ, ಇಲ್ಲಿನ ಇನ್‌ಸ್ಪೆಕ್ಟರು ಅದನ್ನು ಬ್ಲಾಕಿನ ಮೇಲಿನ ನಂಬರಿಗೆ ಹೋಲಿಸಿ ನೋಡುತ್ತಾರೆ. ಕೊಳ್ಳುವ ಮೊದಲೇ ಟಾರ್ಚ್ ಹಿಡಿದು ನೀವೇ ಆ ನಂಬರನ್ನು ಓದಿ, ಆರ್‌ಸಿಯೊಡನೆ ಒಂದೊಂದು ಅಕ್ಷರ ಹೋಲಿಸಿ. ಹೊಂದದಿದ್ದಾಗ ಮಾರುವವರು ‘ಆಮೇಲೆ ಸರಿಮಾಡಿಸಿಕೊಳ್ಳಬಹುದು’ ಎಂದರೆ ಆ ಕಾರನ್ನು ಕೊಳ್ಳಬೇಡಿ.